ಏಳನೇ ದೀಪ

ನೆಲ ಒರೆಸುವಾಗ ಕೋಲಿಗೆ ಏನೋ ತೊಡರಿತು. ಎಳೆದೆ.
ಎಳೆದದ್ದೇ ತಡ, ಲ್ಯಾಬಿನ ನಲವತ್ತು ಬಾಯಿ ಒಟ್ಟಿಗೇ
"ನೆಟ್ ಹೋತು!"
ಸೂಪರಿಂಟೆಂಡೆಂಟ್ ಬಂದರು, ಬೈದರು.
ಬೈಗುಳ ಹೊಸದಲ್ಲ.
ಒಂದು ನೀಲಿ ದಾರಕ್ಕೆ ಇಷ್ಟು ಜನ ಜೋತುಬಿದ್ದಿದ್ದಾರೆಂಬುದು
ಹನ್ನೊಂದು ವರ್ಷ ಅದರ ಪಕ್ಕದಲ್ಲೇ ಒರೆಸಿದರೂ
ನನಗೆ ಗೊತ್ತಿರಲಿಲ್ಲ.

ಹಾಗೆ ಶುರುವಾಯಿತು. ಸಂಜೆ ಐದೂವರೆಗೆ
ಬಕೆಟ್ಟು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿ
ಮೂರನೇ ಮಹಡಿಯಲ್ಲಿ ನಾನು ಕೂರುವುದು.
ಕಲಿಸುವವನು ಜಬೀವುಲ್ಲಾ, ಲ್ಯಾಬ್ ಸಹಾಯಕ,
ನನ್ನ ಕಿರಿಮಗನಿಗಿಂತ ಒಂದು ದೀಪಾವಳಿ ಚಿಕ್ಕವನು.
"ಕರಿಬಸಮ್ಮಕ್ಕಾ, ಮೊದಲು ಬಣ್ಣ" ಅಂದ.

ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು.
ಹಸಿರಿನ ಜೋಡಿಯ ನಡುವೆ ನೀಲಿ ಯಾಕೆ ಬಂದು ಕೂತಿತು?
"ಹಂಗೇ ಬಂದದ್ದು ಅಕ್ಕಾ."
ಹಂಗೇ ಬಂದವು ನಮ್ಮ ಮನೆಯಲ್ಲೂ ಬೇಕಾದಷ್ಟಿವೆ,
ಮತ್ತೆ ಕೇಳಲಿಲ್ಲ.
ಅಶೋಕ ರೋಡಿನ ರೈಲ್ವೆ ಗೇಟು ಬಿದ್ದಾಗ
ಆಟೋ, ಸೈಕಲ್ಲು, ಮಂಡಕ್ಕಿ ಚೀಲದ ಗಾಡಿಗಳ ಮಧ್ಯೆ ನಿಂತು
ಬಣ್ಣ ಬಾಯಿಪಾಠ ಮಾಡುತ್ತಿದ್ದೆ.
"ಯಾವ ಸೀರೆ ಕಳಕೊಂಡ್ಯಮ್ಮಾ?" ಅಂದ ಪಕ್ಕದ ಮುದುಕ.

ಯಂತ್ರವೂ ಕೂಗುತ್ತದಂತೆ, ಇಡೀ ಓಣಿಗೆ ಕೇಳುವಂತೆ,
ಈ ನಂಬರಿನವರು ಯಾರು, ಎಲ್ಲಿದ್ದೀರಿ ಅಂತ.
ಎಲ್ಲರಿಗೂ ಕೇಳಿಸುತ್ತದೆ, ಒಬ್ಬರೇ ಓಗೊಡುತ್ತಾರೆ.
ನಾನು ನಂಬಲಿಲ್ಲ. ಹೊಂಡದ ಸರ್ಕಲ್ಲಿನ ಹಿಂದೆ, ನಮ್ಮ ಓಣಿಯಲ್ಲಿ,
ಕರೆಯದವರೇ ಮೊದಲು ಬರುತ್ತಾರಪ್ಪಾ ಅಂದೆ.
ಜಬೀ ನಕ್ಕ. "ಇಲ್ಲೂ ಬರ್ತಾರೆ ಅಕ್ಕಾ.
ಅದು ಮುಂದಿನ ಪಾಠ."

ಆದರೆ ನಿದ್ದೆ ಕೆಡಿಸಿದ್ದು ಆಯುಸ್ಸಿನ ಪಾಠ.
ಹೊರಡುವ ಪ್ರತಿ ಪೊಟ್ಟಣದ ಹಣೆಗೊಂದು ಅಂಕಿ, ಅರವತ್ನಾಲ್ಕು ಅಂದುಕೋ.
ಒಂದೊಂದು ತಿರುವಿಗೆ ಒಂದೊಂದು ಕಳೆ.
ಸೊನ್ನೆಯಾದಲ್ಲಿ ಬೀಳುತ್ತದೆ, ಬೀಳಿಸುತ್ತಾರೆ.
ಪಾಪ, ಯಾಕೆ?
"ದಾರಿ ತಪ್ಪಿದವು ಸುತ್ತುತ್ತಲೇ ಇದ್ರೆ
ಉಳಿದವಕ್ಕೆ ದಾರಿ ಎಲ್ಲಿ ಅಕ್ಕಾ?"
ಸರಿ. ಅಷ್ಟು ಅರ್ಥವಾಯಿತು.
ಆಮೇಲೆ ಅವನು, ದೊಡ್ಡ ವಿಷಯವೇ ಅಲ್ಲ ಎಂಬಂತೆ, ಅಂದ:
ಬೀಳಿಸಿದ ತಿರುವು ಸುಮ್ಮನಿರುವುದಿಲ್ಲ,
ಕಳಿಸಿದವರಿಗೆ ಹೇಳಿ ಕಳಿಸುತ್ತದೆ:
ನಿಮ್ಮದು ಇಲ್ಲಿಗೆ ಮುಗಿಯಿತು.

ಕಾಟನ್ ಮಿಲ್ಲು ಮುಚ್ಚಿದ ವರ್ಷ
ಲಾರಿ ಕ್ಲೀನರಾಗಿ ಹೊರಟ ನನ್ನ ತಮ್ಮ ಹಾಲೇಶ.
ಯಾವ ತಿರುವೂ ಏನೂ ಹೇಳಿ ಕಳಿಸಲಿಲ್ಲ.
ಇದನ್ನು ಜಬೀಗೆ ಹೇಳಲಿಲ್ಲ.
"ತಲೆಗೆ ಹೋತಾ ಅಕ್ಕಾ?" ಅಂದ.
ಹೋತು ಅಂದೆ.

ಶನಿವಾರ ನಾನೇ ತಂತಿ ಸುಲಿದೆ, ಎಂಟೂ ಎಳೆ ನೆಟ್ಟಗೆ ತೀಡಿದೆ,
ಗಾಜಿನಂಥ ಪುಟ್ಟ ತಲೆಯೊಳಗೆ ತುರುಕಿ ಇಕ್ಕಳ ಒತ್ತಿದೆ.
ಪರೀಕ್ಷೆಯ ಡಬ್ಬಿ ಎಣಿಸತೊಡಗಿತು:
ಒಂದು, ಎರಡು, ಮೂರು, ನಾಲ್ಕು, ಐದು, ಆರು,
ಕತ್ತಲೆ,
ಎಂಟು.
"ಏಳು ಹತ್ತಲಿಲ್ಲ. ಇರ್ಲಿ ಬಿಡಿ, ಇಲ್ಲಿನ ವೇಗಕ್ಕೆ
ಅದಿಲ್ದಿದ್ರೂ ನಡೀತೈತೆ" ಅಂದ ಜಬೀ.
ನಡೀತೈತೆ ಅಂತ ಮೂಲೆ ಬಿಟ್ಟು ಒರೆಸಿದವಳಲ್ಲ ನಾನು.
ತಲೆ ಕತ್ತರಿಸಿದೆ. ಮತ್ತೆ ಏಳೇ ಹತ್ತಲಿಲ್ಲ. ಮತ್ತೆ ಕತ್ತರಿಸಿದೆ.
ಬಿಳಿಕಂದು ಎಳೆ ಒಂದು ಅಕ್ಕಿಕಾಳಿನಷ್ಟು ಹಿಂದೆ ನಿಂತಿತ್ತು,
ಕೊನೆಯ ಪಂಕ್ತಿಯಲ್ಲಿ ಕೂತವರ ಹಾಗೆ.
ಉಗುರಿನಿಂದ ಮುಂದಕ್ಕೆ ತಂದೆ.

ಏಳು ಹತ್ತಿತು.
ಆ ಕಡೆಯ ಯಂತ್ರವನ್ನು ಕೇಳಿದೆ, ಇದ್ದೀಯಾ?
ಇದ್ದೀನಿ ಅಂತು. ನಾಲ್ಕು ಸಲ.

ಸೋಮವಾರ ಎಂದಿನಂತೆ ಬಕೆಟ್ಟು, ಕೋಲು, ಫಿನಾಯಿಲು.
ಗೋಡೆಯ ಬುಡದಲ್ಲಿ ಆ ನೀಲಿ ತಂತಿ,
ಅದರಡಿ ಹನ್ನೊಂದು ವರ್ಷದ ಧೂಳು.
ಎರಡು ಬೆರಳಲ್ಲಿ ಎತ್ತಿ ಹಿಡಿದು ಒರೆಸಿದೆ.
ಯಾರೂ ಕೂಗಲಿಲ್ಲ.